ಹೊಳಿ ದಂಡಿ ಯಾಕೆ ಬಿಡಲಿಲ್ಲ?

ನದಿ ಅಂದರೆ ನೀರು, ನೀರಿದ್ದಲ್ಲಿ ಊರು. ಶಾಲೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ ಸಿಗ್ತಿತ್ತು. ಆದರೆ ನಮ್ಮೂರು ಚಚಡಿ ಈ ಉತ್ತರಕ್ಕೆ ಒಗ್ಗುವುದಿಲ್ಲ. ದಕ್ಷಿಣಕ್ಕೆ ಮಲಪ್ರಭೆ, ಉತ್ತರಕ್ಕೆ ಘಟಪ್ರಭೆ. ನಾವು ನಡುವಿನ ಎರಿ ಹೊಲದವರು. ಎರಿ ಮಣ್ಣು ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಆ ಹಸಿಯಲ್ಲೇ ಹಿಂಗಾರಿ ಜೋಳ ತೆನೆಗೆ ಬರುತ್ತದೆ. ಬೆಳೆಗೆ ಹೊಳೆಯೇ ಬೇಕು ಅಂತೇನಿಲ್ಲ. ಹಂಗಾದ್ರೆ ಮೊದಲ ಮಂದಿ ಹೊಳೆಗೇ ಯಾಕೆ ಅಂಟಿಕೊಂಡರು?

ಅವರು ಒಕ್ಕಲಿಗರೇ ಅಲ್ಲ, ಬೇಟೆಗಾರರು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಆಯುಧ ಕಂಡ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಮುಂದೆ ಮಲಪ್ರಭೆಯ ಕಣಿವೆಯಲ್ಲೂ ಅಂಥವನ್ನೇ ಕಂಡ. 1955ರಲ್ಲಿ ಆರ್.ವಿ. ಜೋಶಿ ಈ ಕಣಿವೆಯ ಮೇಲೆ ಪುಸ್ತಕವನ್ನೇ ತಂದರು. ಬಾದಾಮಿ ಕಡೆಯ ಖ್ಯಾಡದಂಥ ಜಾಗಗಳಲ್ಲಿ ಸಿಕ್ಕ ಕೈಗೊಡಲಿಗಳು ಹೆಚ್ಚಾಗಿ ಬೆಣಚು ಶಿಲೆಯವು. ನದಿ ಆ ಕಲ್ಲುಗಳನ್ನು ಉರುಳಿಸಿ ತಂದು ದಂಡೆಗೆ ಹಾಕುತ್ತದೆ. ಬಿರುಕಿದ್ದದ್ದು ದಾರಿಯಲ್ಲೇ ಒಡೆದು, ಗಟ್ಟಿಯಾದದ್ದು ಉಳಿಯುತ್ತದೆ. ಬ್ಯಾಸಗಿಯಲ್ಲಿ ಮಡುವಿನ ನೀರಿಗೆ ಪ್ರಾಣಿಗಳು ತಾವಾಗೇ ಬರ್ತಿದ್ದವು. ಬಾವಿ ತೋಡಲು ಬಾರದ ಕಾಲದಲ್ಲಿ ನೀರು, ಮಾಂಸ, ಹತಾರ ಮೂರೂ ಒಂದೇ ಕಡೆ ಸಿಗೋದು ಅಂದ್ರೆ ಸಣ್ಣ ಮಾತಲ್ಲ.

ಆಮೇಲಿನ ರಾಜರು ಹುಷಾರಿದ್ದರು. ಚಾಲುಕ್ಯರು ಪಟ್ಟ ಕಟ್ಟಿಕೊಂಡದ್ದು ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ; ರಾಜಧಾನಿ ಮಾತ್ರ ಹೊಳೆಯಿಂದ ದೂರ, ಗುಡ್ಡದ ಮಗ್ಗುಲಿನ ಬಾದಾಮಿಯಲ್ಲಿ, ಕೆರೆಯ ನೀರು ನಂಬಿ. ಆ ದೂರ ನನಗೆ ಕಾಕತಾಳೀಯ ಅನ್ನಿಸುವುದಿಲ್ಲ.

ಬಡವರಿಗೆ ಅಂಥ ಆಯ್ಕೆ ಎಲ್ಲಿತ್ತು? 2009ರ ನೆರೆಯ ನಂತರ ಸರ್ಕಾರ 'ಆಸರೆ' ಹೆಸರಿನಲ್ಲಿ ಎತ್ತರದ ಜಾಗದಲ್ಲಿ ಮನೆ ಕಟ್ಟಿಸಿತು. ಎಷ್ಟೋ ಮನೆಗಳು ಖಾಲಿಯೇ ಉಳಿದವು. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಆಣೆಕಟ್ಟೆ ತುಂಬಿ ಗೇಟು ತೆಗೆದಾಗ ರಾಮದುರ್ಗಕ್ಕೆ ಮತ್ತೆ ನೀರು ನುಗ್ಗಿತು, ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ಬೆಂಗಳೂರಿನ ನನ್ನ ಆಫೀಸಿನಲ್ಲಿ ಆಗ ಎಲ್ಲರೂ ಕೇಳಿದ್ದು ಒಂದೇ: "ಮನೆ ಕೊಟ್ಟರೂ ಯಾಕ್ ಹೋಗಲ್ಲ ಇವರು?"

ಕೆರೆಯನ್ನೇ ಮುಚ್ಚಿ ಕಟ್ಟಿದ ಲೇಔಟಿನಲ್ಲಿ ಇ‌ಎಂಐ ಕಟ್ಟುವವರು ಕೇಳುವ ಪ್ರಶ್ನೆ ಇದು, ಇರಲಿ. ಉತ್ತರ ಆ ಬೇಟೆಗಾರರದ್ದೇ. ಕಬ್ಬಿನ ಹೊಲ, ಪಂಪ್‌ಸೆಟ್ಟು, ದನ, ನೇಕಾರನ ಮಗ್ಗ ಎಲ್ಲ ದಂಡೆಯಲ್ಲೇ ಇದ್ದಾವೆ. ದನ ಕಟ್ಟಲು ಜಾಗವಿಲ್ಲದ ಎರಡು ಕೋಣೆಯ ಮನೆಗೆ ಒಕ್ಕಲಿಗ ಹೋಗಿ ಏನು ಮಾಡ್ಬೇಕು? ಊರು ಎಬ್ಬಿಸೋದೇ ಆದರೆ ಮೊದಲು ಕೊಟ್ಟಿಗೆ, ಹೊಲಕ್ಕೊಂದು ದಾರಿ, ಮಗ್ಗಕ್ಕೊಂದು ಸೂರು ಆಗಲಿ. ಹಾಲ್, ಕಿಚನ್ನು ಆಮ್ಯಾಲೆ ಆದರೂ ನಡೀತದ.