ಇದ್ದಿಲ ಒಲೆಯೊಂದರ ಚರಿತ್ರೆ

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಕೋಟೆಗಳಿಗೆ, ಕತ್ತಿಗಳಿಗೆ ಇರುವ ಜಾಗ ಒಲೆಗಳಿಗೆ ಇಲ್ಲ. ಆದರೆ ಒಂದು ಕಾಲದ ಜನ ಹೇಗೆ ಬದುಕಿದರು ಎಂದು ತಿಳಿಯಬೇಕಾದರೆ ಅವರು ಅಡುಗೆಗೆ ಬಳಸಿದ ಸಾಮಾನುಗಳನ್ನೂ ನೋಡಬೇಕಾಗುತ್ತದೆ. ಅಮೆರಿಕದಲ್ಲಿ ಹಲವರು ಹಳೆಯ ಕೆಟಲ್ ಗ್ರಿಲ್‌ಗಳನ್ನು, ಅಂದರೆ ಮುಚ್ಚಳವಿರುವ ದುಂಡನೆಯ ಇದ್ದಿಲ ಒಲೆಗಳನ್ನು, ಗುಜರಿಯಿಂದ ತಂದು ದುರಸ್ತಿ ಮಾಡಿ ಕಾಪಾಡುತ್ತಾರೆ. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವ ಮೊದಲು ಆ ಒಲೆಯ ಹಿನ್ನೆಲೆಯನ್ನು ನಾವು ತಿಳಿಯುವುದು ಒಳ್ಳೆಯದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನಗರಗಳ ಅಂಚಿನಲ್ಲಿ ಲಕ್ಷಾಂತರ ಹೊಸ ಮನೆಗಳು ಎದ್ದವು. ಮನೆಯ ಹಿಂದಿನ ಅಂಗಳದಲ್ಲಿ ರಜೆಯ ದಿನ ಕೆಂಡದ ಮೇಲೆ ಮಾಂಸ ಸುಡುವುದು ರೂಢಿಯಾಯಿತು. ಇದ್ದಿಲಿಗೆ ಕೊರತೆಯಿರಲಿಲ್ಲ. 1920ರ ದಶಕದಲ್ಲೇ ಹೆನ್ರಿ ಫೋರ್ಡ್ ತನ್ನ ಕಾರು ಉದ್ಯಮದಲ್ಲಿ ಉಳಿಯುತ್ತಿದ್ದ ಮರದ ಚೂರುಗಳಿಂದ ಇದ್ದಿಲ ಬಿಲ್ಲೆ ಮಾಡಿಸಿ ಮಾರತೊಡಗಿದ್ದರು. ಆದರೆ ಆಗಿನ ಒಲೆಗಳು ತೆರೆದ ತಟ್ಟೆಯಂತಿದ್ದವು. ಗಾಳಿ ಬೀಸಿದರೆ ಬೂದಿ ಹಾರುತ್ತಿತ್ತು. ಕೊಬ್ಬು ತೊಟ್ಟಿಕ್ಕಿದರೆ ಜ್ವಾಲೆ ಎದ್ದು ಮಾಂಸ ಸೀದುಹೋಗುತ್ತಿತ್ತು.

ಷಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಹಡಗು, ದೋಣಿಗಳಿಗೆ ಗುರುತಾಗಿ ನೀರಿನಲ್ಲಿ ತೇಲಿಬಿಡುವ ಲೋಹದ ಗುಂಡುಗಳು ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಗುಂಡಿನ ಒಂದು ಅರ್ಧಕ್ಕೆ ಮೂರು ಕಾಲು ಕೊಟ್ಟು ಬೋಗುಣಿಯಾಗಿಸಿದರು. ಇನ್ನೊಂದು ಅರ್ಧ ಮುಚ್ಚಳವಾಯಿತು. ಕೆಳಗಿನ ಕಿಂಡಿಯಿಂದ ಒಳಬರುವ ಗಾಳಿ ಮೇಲಿನ ಕಿಂಡಿಯಿಂದ ಹೊರಹೋಗುತ್ತದೆ. ಕಿಂಡಿ ಕಿರಿದು ಮಾಡಿದರೆ ಕೆಂಡ ಮಂದವಾಗುತ್ತದೆ, ಪೂರ್ತಿ ಮುಚ್ಚಿದರೆ ಆರುತ್ತದೆ. ಸೋವಿಯತ್ ರಷ್ಯಾ 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ ಈ ಮೂರು ಕಾಲಿನ ಗುಂಡಿಗೂ ಜನರ ಬಾಯಲ್ಲಿ ಅದೇ ಹೆಸರು ಬಂತು.

ಈ ಒಲೆಗಳು ದಶಕಗಳ ಕಾಲ ಬಾಳಲು ಅವುಗಳ ಎನಾಮಲ್ ಲೇಪ ಮುಖ್ಯ ಕಾರಣ. ಉಕ್ಕಿನ ಮೇಲೆ ಗಾಜಿನ ಪುಡಿಯನ್ನು ಲೇಪಿಸಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಅಂಟಿಸುತ್ತಾರೆ. ಮುಚ್ಚಳದ ಒಳಗಿನಿಂದ ಕಪ್ಪು ಹಕ್ಕಳೆ ಉದುರುವುದನ್ನು ಕಂಡು ಬಣ್ಣ ಕಿತ್ತುಬರುತ್ತಿದೆಯೆಂದು ಒಲೆಯನ್ನೇ ಎಸೆಯುವವರುಂಟು. ಅದು ಬಣ್ಣವಲ್ಲ. ಹೊಗೆ ಮತ್ತು ಕೊಬ್ಬು ಸೇರಿ ಪದರು ಪದರಾಗಿ ಕೂತ ಕಿಟ್ಟ. ಬಿಸಿನೀರು, ಸಾಬೂನಿನಲ್ಲಿ ನೆನೆಸಿ ಮೆಲ್ಲನೆ ಕೆರೆದರೆ ಅಡಿಯಲ್ಲಿ ಹಳೆಯ ಹೊಳಪು ಕಾಣುತ್ತದೆ. ಅವಸರಪಟ್ಟು ಕಾಸ್ಟಿಕ್ ಸೋಡಾ ಬಳಸಿದರೆ ಕಿಂಡಿಯ ಅಲ್ಯುಮಿನಿಯಂ ತಗಡು ತಿಂದುಹೋಗುತ್ತದೆ. ಮರದ ಹಿಡಿಗಳನ್ನು ಉಜ್ಜಿ ಅಗಸೆ ಎಣ್ಣೆ ಹಚ್ಚುತ್ತಾರೆ.

ಇಲ್ಲಿ ಮುಸ್ಲಿಮರಿಗೆ ಇನ್ನೊಂದು ಪ್ರಶ್ನೆಯೂ ಇದೆ. ಹಳೆಯ ಒಲೆಯಲ್ಲಿ ಹಂದಿಮಾಂಸ ಸುಟ್ಟಿರಬಹುದಲ್ಲ? ಗ್ರಂಥದವರ ಪಾತ್ರೆಗಳ ಬಗ್ಗೆ ಅಬೂ ಸಅಲಬಾ ಅಲ್ ಖುಶನೀ(ರ) ಕೇಳಿದಾಗ, ಬೇರೆ ಪಾತ್ರೆ ಸಿಗದಿದ್ದರೆ ತೊಳೆದು ಬಳಸಬಹುದೆಂದು ಪ್ರವಾದಿವರ್ಯರು(ಸ) ತಿಳಿಸಿದ ವರದಿ ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ವಸ್ತುವನ್ನು ಎಸೆಯುವ ಮೊದಲು ತೊಳೆಯುವ ದಾರಿಯಿದೆ ಎಂಬ ವಿವೇಕ ಇದರಲ್ಲಿ ನಮಗೆ ಕಾಣುತ್ತದೆ.

ಒಲೆಯ ಕಾಲ ಗುರುತಿಸುವುದು ಇತಿಹಾಸಕಾರನ ಕೆಲಸದಂತೆಯೇ ಇದೆ. 1979ರಿಂದ ವೆಬರ್ ಒಲೆಗಳ ಮುಚ್ಚಳದ ಕಿಂಡಿಯ ತಗಡಿನಲ್ಲಿ ತಯಾರಿಕೆಯ ವರ್ಷಕ್ಕೊಂದರಂತೆ ಇಂಗ್ಲಿಷ್ ಅಕ್ಷರ ಒತ್ತಲಾಗಿದೆ. ‘ಎ’ ಎಂದರೆ 1979, ‘ಇ’ ಎಂದರೆ 1983. ಅದಕ್ಕಿಂತ ಹಿಂದಿನವುಗಳನ್ನು ಹಿಡಿ, ಕಾಲು, ಕಿಂಡಿಗಳ ಆಕಾರ ನೋಡಿ ತೀರ್ಮಾನಿಸಬೇಕು. ಆದರೆ ಒಂದು ಒಲೆಯ ಮುಚ್ಚಳ ಇನ್ನೊಂದರ ಬೋಗುಣಿಯ ಮೇಲೆ ಕೂತಿರಬಹುದು. ಆದ್ದರಿಂದ ಒಂದೇ ಸಾಕ್ಷ್ಯವನ್ನು ನಂಬಿ ತೀರ್ಪು ಕೊಡಲಾಗದು.

ಇನ್ನು ಕೆಲವರು ಹಳೆಯ ಒಲೆಗೆ ಕಾರಿನಂತೆ ಮಿರುಗುವ ಬಣ್ಣ ಕೊಡುತ್ತಾರೆ, ಸುತ್ತ ಮರದ ಮೇಜು ಕಟ್ಟುತ್ತಾರೆ, ಮಾಂಸ ತಿರುಗಿಸಲು ಮೋಟಾರು ಜೋಡಿಸುತ್ತಾರೆ. ಇದು ತಪ್ಪೇ? ತನ್ನ ವಸ್ತುವನ್ನು ತನಗೆ ಬೇಕಾದಂತೆ ಮಾಡಿಕೊಳ್ಳುವ ಹಕ್ಕು ಮಾಲೀಕನಿಗಿದೆ. ಮಾತ್ರವಲ್ಲ, ಸ್ಟೀಫನ್ ಮಾಡಿದ್ದೂ ಅದನ್ನೇ. ತೇಲುವ ಗುಂಡನ್ನು ಒಲೆಯಾಗಿಸಿದರು. ಆದರೆ ಹೊಸ ಬಣ್ಣ ಬಳಿದ ಒಲೆಯನ್ನು ಅಪರೂಪದ ಮೂಲ ಬಣ್ಣದ್ದೆಂದು ಹೇಳಿ ಮಾರಿದರೆ ಅದು ಮೋಸ. ಕೊಳ್ಳುವವನ ಹಣದ ಜೊತೆಗೆ ಆ ವಸ್ತುವಿನ ಚರಿತ್ರೆಯೂ ಅಲ್ಲಿ ಹಾಳಾಗುತ್ತದೆ. ಬಣ್ಣ ಬಳಿದವನು ಬಳಿದೆನೆಂದು ಹೇಳಿದರೆ ಯಾವ ತೊಂದರೆಯೂ ಇಲ್ಲ.

ಕಿಟ್ಟ ತೆಗೆಯುವುದು ಬೇರೆ, ಗುರುತು ಅಳಿಸುವುದು ಬೇರೆ. ಒಲೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವವರಿದ್ದಾರೆ. ಹಳೆಯ ಮಸೀದಿ, ಮಂದಿರ, ದರ್ಗಾ, ಬಾವಿಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೈಗೆತ್ತಿಕೊಳ್ಳುವಾಗ ನಾವೂ ಅಷ್ಟು ಎಚ್ಚರ ವಹಿಸುತ್ತಿದ್ದೇವೆಯೇ ಎಂದು ಯೋಚಿಸಬೇಕು.