ಹೊಳೆಯ ಮೇಲಿನ ಹೊಣೆ

ಆಷಾಢದಲ್ಲಿ ಸಹ್ಯಾದ್ರಿಯ ಮಳೆ ಬಲಿತು, ಕೊಯ್ನಾ, ವಾರಣಾ, ಪಂಚಗಂಗೆಗಳ ನೀರನ್ನೆಲ್ಲ ಮಡಿಲಿಗೆ ಕಟ್ಟಿಕೊಂಡು ಕೃಷ್ಣೆ ಚಿಕ್ಕೋಡಿ ಸೀಮೆಯನ್ನು ಹೊಕ್ಕಳೆಂದರೆ, ಯಡೂರಿನ ಜನ ಮೊದಲು ಕಣ್ಣು ಹಾಯಿಸುವುದು ಕಲ್ಲೋಳದ ಸೇತುವೆಯತ್ತ. "ಹೊಳಿ ಬಂತು" ಎಂಬ ಎರಡೇ ಮಾತಿನಲ್ಲಿ ಸುದ್ದಿ ಮುಗಿಯುತ್ತದೆ. ಯಡೂರಿನ ವೀರಭದ್ರನ ದರ್ಶನಕ್ಕೆಂದು ಹೊರಟವನು ಆಚೆಯ ದಡದಲ್ಲೇ ನಿಂತು ಕೈಮುಗಿದು ಸುತ್ತುದಾರಿ ಹಿಡಿಯುತ್ತಾನೆ. ಈ ಸೇತುವೆ ಇಷ್ಟು ತಗ್ಗಿನಲ್ಲಿ ಏಕಿದೆ ಎಂದು ಕೇಳುವವನು ಹಳ್ಳಿಯ ದಾರಿಗೆ ಯಾರ ಹಣ, ಯಾವ ಹೆಸರಿನಲ್ಲಿ ಬಂದಿತೆಂಬ ಹಳೆಯ ಲೆಕ್ಕವನ್ನೇ ತೆರೆಯಬೇಕಾಗುತ್ತದೆ.

ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1863ರಿಂದಾಚೆಗೆ, ರೈತನು ಸರಕಾರಕ್ಕೆ ಸಲ್ಲಿಸುವ ಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆಯ ಕರ ಕೂಡಿತು. 1869ರ ಕಾಯಿದೆ ಅದನ್ನು ಶಾಸನಬದ್ಧಗೊಳಿಸಿತು. ಆ ಆಣೆಯಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಶಾಲೆಗೆ. ಕೊಂಡವಾಡಿಯಲ್ಲಿ ಕಟ್ಟಿದ ತುಡುಗು ದನದ ದಂಡ, ಕಡವಿನ ದೋಣಿಯ ಉತ್ಪನ್ನ, ಸುಂಕದ ಕಟ್ಟೆಯ ಹಣ ಇವೂ ಅದೇ ಸ್ಥಳೀಯ ನಿಧಿಗೆ ಬಂದು ಬೀಳುತ್ತಿದ್ದುವು. ಕಡವು ಲಿಲಾವಿಗೆ ಏರುತ್ತಿತ್ತು. ಹೆಚ್ಚು ಕೂಗಿದವನಿಗೆ ಹೊಳೆ ದಾಟಿಸುವ ಅಧಿಕಾರ. ಪರರ ಹೊಲ ಮೇಯ್ದ ಎಮ್ಮೆಯೂ ಹೀಗೆ ಲೋಕೋಪಕಾರಕ್ಕೆ ಒದಗಿತೆಂದರೆ ಅತಿಶಯೋಕ್ತಿಯಲ್ಲ. 1884ರಲ್ಲಿ ಜಿಲ್ಲೆಗೂ ತಾಲೂಕಿಗೂ ಲೋಕಲ್ ಬೋರ್ಡುಗಳಾದುವು. ಹೊಣೆ ಅವುಗಳದಾಯಿತು, ಬೊಕ್ಕಸ ಮಾತ್ರ ಅದೇ ಆಣೆಯದು. ಎರಿಮಣ್ಣಿನ ಚಕ್ಕಡಿ ದಾರಿಗೆ ಗರಸು ಹಾಕುವುದಕ್ಕೇ ಸಾಲದ ಆ ಹಣದಲ್ಲಿ ಕೃಷ್ಣೆಗೆ ಸೇತುವೆ ಕಟ್ಟುವ ಮಾತೆಲ್ಲಿ? ಹೊಳೆ ಅಂಬಿಗನಿಗೇ ಉಳಿಯಿತು.

ಮುಂದೆ ಮೋಟಾರು ಬಂತು. ರಸ್ತೆಗಳ ಕುರಿತ ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಗ್ಯಾಲನ್ ಪೆಟ್ರೋಲಿಗೆ ಎರಡಾಣೆ ಹೆಚ್ಚಿಸಿ ಕೇಂದ್ರ ರಸ್ತೆ ನಿಧಿಯನ್ನು ಕಟ್ಟಿದರು. 1943ರ ನಾಗಪುರ ಯೋಜನೆ ರಾಷ್ಟ್ರದ ಹೆದ್ದಾರಿಯಿಂದ ಗ್ರಾಮರಸ್ತೆಯವರೆಗೆ ದಾರಿಗಳನ್ನೆಲ್ಲ ಪಂಕ್ತಿಯಲ್ಲಿ ಕೂಡಿಸಿತು. ಗ್ರಾಮರಸ್ತೆಯದು ಕೊನೆಯ ಎಲೆ, ಬಡಿಸುವವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಬೋರ್ಡು ಹೋಗಿ ಪರಿಷತ್ತಾಯಿತು, ಪರಿಷತ್ತು ಹೋಗಿ ಪಂಚಾಯತಿಯಾಯಿತು; ಹಲಗೆ ಬರೆಯುವವನಿಗಂತೂ ಕೆಲಸ ತಪ್ಪಲಿಲ್ಲ.

ಕೊನೆಗೆ ಈ ಸೀಮೆಯ ಹೊಳೆಗಳಿಗೆ ದಾಟು ಒದಗಿಸಿದ್ದು ಬಹುಮಟ್ಟಿಗೆ ರಸ್ತೆಯ ಹಣವಲ್ಲ, ನೀರಾವರಿ. ಕಬ್ಬಿಗೆ ನೀರು ಬೇಕು. ನೀರು ನಿಲ್ಲಿಸಲು ಬಾಂದಾರ ಬೇಕು. ಕೊಲ್ಲಾಪುರ ಮಾದರಿಯ ಬಾಂದಾರವನ್ನು ಹತ್ತಿರದಿಂದ ನೋಡಬೇಕು: ಸಾಲಾಗಿ ನಿಂತ ಕಂಬಗಳು, ಕಂಬದ ಮೈಯಲ್ಲಿ ಕಚ್ಚುಗಳು, ಮಳೆಗಾಲ ಕಳೆದ ಮೇಲೆ ಆ ಕಚ್ಚುಗಳಲ್ಲಿ ಎರಡು ಸಾಲು ಹಲಗೆ ಇಳಿಸಿ, ನಡುವೆ ಜಿಗುಟು ಮಣ್ಣು ತುಂಬಿ ಬಿಗಿದರೆ ಹೊಳೆ ನಿಲ್ಲುತ್ತದೆ, ಮುಂಗಾರಿಗೆ ಮುನ್ನ ಹಲಗೆ ಕಿತ್ತರೆ ಪೂರವು ಕಂಬಗಳ ನಡುವೆಯೂ ಮೇಲೆಯೂ ಅಡ್ಡಿಯಿಲ್ಲದೆ ಹರಿಯುತ್ತದೆ. ಮುಳುಗುವುದು ಅದರ ದೋಷವಲ್ಲ, ಧರ್ಮ. ಅಂಥ ಕಂಬಗಳ ಮೇಲೆ ಹಾಸು ಹಾಕಿ, ಬಾಂದಾರವೂ ಸೇತುವೆಯೂ ಒಂದರಲ್ಲೇ ಆಯಿತೆಂದು ಮಿತವ್ಯಯ ಸಾಧಿಸಿದರು. ದೂಧಗಂಗೆಯ ಮೇಲಿನ ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ವೇದಗಂಗೆಯ ಮೇಲಿನ ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ ಇವೂ ಕಲ್ಲೋಳದ ಸೇತುವೆಯಂತೆ ಮಳೆಗಾಲಕ್ಕೊಮ್ಮೆ ನೀರಿನಡಿ ಹೋಗುವಂಥವೇ. 2005ರಲ್ಲಿ, 2019ರಲ್ಲಿ, 2021ರಲ್ಲಿ ಹೊಳೆ ಸೇತುವೆಗಷ್ಟೇ ತೃಪ್ತಿಪಡದೆ ಊರುಗಳಿಗೂ ನುಗ್ಗಿತು.

ಸೇತುವೆಗಳ ಈ ತಗ್ಗನ್ನು ಕಟ್ಟಿದವರ ಜಿಪುಣತನವೆಂದು ನಾನು ಹಳಿಯಲಾರೆ. ಕಾಲ್ನಡಿಗೆಯವನಿಗೂ ಚಕ್ಕಡಿಗೂ ವರ್ಷದಲ್ಲಿ ಬಹುಕಾಲದ ದಾರಿ ದೊರೆತುದು ಅಂದಿಗೆ ಅಲ್ಪ ಲಾಭವಾಗಿರಲಿಲ್ಲ. ಆದರೆ ಕೊಡುವವನು ಮಾತ್ರ ಎಂದೂ ಬದಲಾಗಲಿಲ್ಲವೆಂಬುದನ್ನು ಮರೆಯಲಾಗದು. ಅಂದು ಭೂಮಿಯ ಮೇಲೆ ಆಣೆ, ಬಳಿಕ ಪೆಟ್ರೋಲಿನ ಮೇಲೆ ಆಣೆ. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮೊದಲಾದಾಗ ಅದಕ್ಕೆ ಆಧಾರವಾದುದು ಡೀಸೆಲ್ಲಿನ ಮೇಲಿನ ಸೆಸ್ಸು. ಕಬ್ಬಿನ ಟ್ರ್ಯಾಕ್ಟರು ಕುಡಿಯುವುದೂ ಅದನ್ನೇ.

ನೀರಿಳಿದ ದಿನ ಹಾಸಿನ ಮೇಲೆ ಮೊಣಕಾಲುದ್ದ ರಾಡಿ. ಕಂಬದಿಂದ ಕಂಬಕ್ಕೆ ಸಿಕ್ಕಿಕೊಂಡ ಕಬ್ಬಿನ ರವದಿ, ಜಾಲಿಯ ಕೊಂಬೆ, ಯಾರದೋ ಮನೆಯ ಬಾಗಿಲ ತುಂಡು. ಸಲಿಕೆ ಹಿಡಿದವರು ಒಂದು ತುದಿಯಿಂದ ಬಳಿಯುತ್ತ ಬರುತ್ತಾರೆ; ಅವರು ನಡುವಿಗೆ ಮುಟ್ಟುವ ಮೊದಲೇ ಆಚೆಯ ದಡದಲ್ಲಿ ಹಾಲಿನ ಕ್ಯಾನು ಕಟ್ಟಿದ ಮೋಟಾರುಸೈಕಲ್ಲುಗಳು ಸಾಲುಗಟ್ಟಿ ನಿಂತಿರುತ್ತವೆ.