ಜಟ್ಟಿ ಎಂಬ ಹಿರಿಯ

ರಾಜಾಜಿನಗರ, ಬಸವೇಶ್ವರನಗರದ ಕರಾಟೆ ತರಗತಿಗಳಲ್ಲಿ ಮಕ್ಕಳು ಗುರುವನ್ನು ‘ಸೆನ್ಸೈ’ ಎಂದು ಕರೆಯುತ್ತಾರೆ. ಜಪಾನಿಯಲ್ಲಿ ಆ ಮಾತಿನ ಅಕ್ಷರಾರ್ಥ ‘ಮೊದಲು ಹುಟ್ಟಿದವರು’. ನಮ್ಮ ‘ಜಟ್ಟಿ’ಯ ಒಡಲಲ್ಲಿ ಇರುವುದೂ ಅದೇ. ಸಂಸ್ಕೃತದ ‘ಜ್ಯೇಷ್ಠ’ ಪ್ರಾಕೃತದಲ್ಲಿ ‘ಜೆಟ್ಠ’ವಾಗಿ, ಕನ್ನಡದ ಬಾಯಲ್ಲಿ ಜೆಟ್ಟಿ, ಜಟ್ಟಿ ಎನಿಸಿತು.

ಈ ಹಿರಿತನ ವಯಸ್ಸಿನದಲ್ಲ, ವಿದ್ಯೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಮೂರು ದರ್ಜೆಯಾಗಿ ವಿಂಗಡಿಸುತ್ತದೆ. ದರ್ಜೆಯ ಹೆಸರು ಕುಲಕ್ಕೂ ಅಂಟಿತು. ಗುಜರಾತಿನ ಮೊಢೇರಾ ತಮ್ಮ ಮೂಲವೆನ್ನುವ, ನಿಂಬಜಾ ದೇವಿಯನ್ನು ಪೂಜಿಸುವ ಜ್ಯೇಷ್ಠಿಮಲ್ಲರು ಮೈಸೂರು ಅರಮನೆಯ ಜಟ್ಟಿಗಳಾದರು.

ಅವರ ಕೈಗೆ ಇನ್ನೊಂದು ವಿದ್ಯೆಯೂ ಇತ್ತು. ತೆಲುಗು ಜಿಲ್ಲೆಗಳ ಜೆಟ್ಟಿಗಳು ಮೈ ನೀವಿ, ಮುಲಾಮು ತಿಕ್ಕಿ ನರನೋವು ವಾಸಿಮಾಡುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ದಾಖಲಿಸಿದ. ಟಿಪ್ಪುವಿನ ಕಾಲದಲ್ಲಿ ಸೆರೆಯಾಳುಗಳ ಕುತ್ತಿಗೆ ತಿರುಚಿ ಕೊಲ್ಲುವ ಕೆಲಸವನ್ನೂ ಜಟ್ಟಿಗಳಿಂದ ಮಾಡಿಸಿದರೆಂದು ಬ್ರಿಟಿಷ್ ಬರಹಗಾರರು ಬರೆದಿದ್ದಾರೆ. ಓದಿದರೆ ಮೈ ನಡುಗುತ್ತದೆ. ಆದರೆ ಯಾವ ಕೀಲು ಎಲ್ಲಿ ಕಳಚುತ್ತದೆಂದು ಬಲ್ಲ ಕೈಗೇ ಅದನ್ನು ಮತ್ತೆ ಕೂರಿಸುವುದೂ ಗೊತ್ತು. ಗರಡಿಯಲ್ಲಿ ಪಟ್ಟು ಕಲಿಸುವ ಉಸ್ತಾದರ ಬಳಿಗೇ ಉಳುಕು ತೆಗೆಸಿಕೊಳ್ಳಲು ಊರವರು ಹೋಗುತ್ತಿದ್ದುದು ಇದಕ್ಕಾಗಿಯೇ.

ಜಪಾನಿನಲ್ಲೂ ಹೀಗೆಯೇ. ಜೂಡೊ ಕಟ್ಟಿದ ಕಾನೊ ಜಿಗೊರೊ 1877ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಜುಜುತ್ಸು ಗುರುವನ್ನು ಅರಸಿ ಟೋಕಿಯೊದಲ್ಲಿ ಮೂಳೆ ಕೂರಿಸುವವರ ಬೋರ್ಡುಗಳನ್ನು ನೋಡುತ್ತ ಅಲೆದರು. ಹಾಗೆ ಸಿಕ್ಕ ಯಾಗಿ ತೆಯಿನೊಸುಕೆ, ಕಾನೊ ಅವರನ್ನು ಫುಕುದಾ ಹಾಚಿನೊಸುಕೆ ಬಳಿಗೆ ಕಳಿಸಿದರು. ಫುಕುದಾ ಮೂಳೆ ವೈದ್ಯರೂ ಹೌದು, ತೆಂಜಿನ್ ಶಿನ್ಯೊ ಪಂಥದ ಗುರುವೂ ಹೌದು. ಎರಡೇ ವರ್ಷಕ್ಕೆ, 1879ರಲ್ಲಿ ಅವರು ತೀರಿಕೊಂಡರು. ಕಾನೊ ಮುಂದೆ 1882ರಲ್ಲಿ ಕೊಡೊಕಾನ್ ತೆರೆದರು. 1920ರಲ್ಲಿ ಜಪಾನ್ ಸರ್ಕಾರ ಜೂಡೊ ಗುರುಗಳ ಈ ಚಿಕಿತ್ಸೆಗೆ ಪರವಾನಗಿ ಕೊಟ್ಟಿತು. ಅಲ್ಲಿ ಮೂಳೆ ಕೂರಿಸುವವರ ಅಧಿಕೃತ ಪದವಿಯ ಹೆಸರಿನಲ್ಲಿ ‘ಜೂಡೊ’ ಇಂದಿಗೂ ಇದೆ.

ನಮ್ಮ ಜಟ್ಟಿಗೆ ಆ ಭಾಗ್ಯ ಬರಲಿಲ್ಲ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯಲ್ಲಿ ಅವನಿಗೆ ಉಳಿದದ್ದು ಹಮ್ಮು ಮಾತ್ರ. ಪತ್ರಿಕೆಗಳ ‘ಜಗಜಟ್ಟಿ’ಯಲ್ಲಿ ಉಳಿದದ್ದು ತೋಳ್ಬಲ. ನೋವು ತೆಗೆಯುವವನೆಂಬ ಅರ್ಥ ಮಾತಿನಿಂದ ಜಾರಿಹೋಯಿತು, ಅದು ನನಗೆ ದೊಡ್ಡ ನಷ್ಟವೆನಿಸುತ್ತದೆ. ಪಶ್ಚಿಮ ಬೆಂಗಳೂರಿನಲ್ಲಿ ಕೈಕಾಲು ಮುರಿದವರಿಗೆ ಇಂದು ನೆನಪಾಗುವುದು ‘ಪುತ್ತೂರು ಕಟ್ಟು’. ಕಟ್ಟುವವನಿಗೆ ಜಟ್ಟಿ ಎನ್ನುವವರಿಲ್ಲ.

ಕಾಳಗದ ಜಟ್ಟಿ ಮಾತ್ರ ಇನ್ನೂ ಉಳಿದಿದ್ದಾನೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲೇ ಹೋದರೆ ಚನ್ನಪಟ್ಟಣ. ಅಲ್ಲಿಯ, ಬೆಂಗಳೂರಿನ, ಮೈಸೂರಿನ, ಚಾಮರಾಜನಗರದ ಜಟ್ಟಿಗಳು ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲಿಸುತ್ತಾರೆ.